ಡೀಸೆಲ್ ಟ್ಯಾಂಕಿಗೂ ಉಸಿರು ಬೇಕು

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ನಮ್ಮ ಅಬ್ಬಾ ಡೀಸೆಲ್ ಪಿಕಪ್ ಓಡಿಸುತ್ತಾರೆ. ಶ್ರೀನಿವಾಸಪುರದ ಕಡೆಯ ಹಳ್ಳಿಗಳಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಸಾಗಿಸುವುದು ಅವರ ಕೆಲಸ. ಗಾಡಿಯ ಜಮಾ ಖರ್ಚನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಕಳೆದ ವರ್ಷ ಆ ಪುಸ್ತಕದ ಒಂದು ಪುಟದಲ್ಲಿ 12,350 ರೂಪಾಯಿ ನಷ್ಟ ಬರೆಯಬೇಕಾಯಿತು. ಕಾರಣ, ಒಂದು ಮೊಳ ಉದ್ದದ ರಬ್ಬರ್ ಪೈಪ್. ಅದರ ಬೆಲೆ 180 ರೂಪಾಯಿ.

ಈ ವಿಷಯವನ್ನು ವಿಜ್ಞಾನ ವಿಭಾಗದವರು ಬರೆಯಬೇಕಿತ್ತಲ್ಲವೇ ಎಂದು ನೀವು ಕೇಳಬಹುದು. ಆದರೆ ನಮ್ಮ ಕಾಲೇಜಿನಲ್ಲಿ ಅನೇಕರ ಮನೆ ನಡೆಯುವುದೇ ಒಂದು ಗೂಡ್ಸ್ ಗಾಡಿಯಿಂದ. ಗಾಡಿ ನಿಂತರೆ ಮನೆಯ ಲೆಕ್ಕವೂ ನಿಲ್ಲುತ್ತದೆ. ಆದ್ದರಿಂದ ನಾವು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಪಾಠದಂತೆ ಬರೆಯುತ್ತಿದ್ದೇನೆ.

ಏನಾಯಿತು?

ಒಂದು ಬೆಳಿಗ್ಗೆ ಅಬ್ಬಾ ಟ್ಯಾಂಕ್ ಪೂರ್ತಿ ತುಂಬಿಸಿ, ನೂರು ಬಾಕ್ಸ್ ಟೊಮೆಟೊ ಹೇರಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಎಂಜಿನ್ ಎಳೆಯುವುದನ್ನು ಬಿಟ್ಟಿತು. ಎಷ್ಟು ಒತ್ತಿದರೂ ವೇಗ ಏರದೆ, ಕೊನೆಗೆ ನಿಂತೇ ಹೋಯಿತು. ಇಪ್ಪತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮಾರುಕಟ್ಟೆ ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು. ರೈತರ ಮಾಲು ಮರುದಿನ ಕಡಿಮೆ ಬೆಲೆಗೆ ಹೋಯಿತು. ಅಬ್ಬಾ ಆ ಟ್ರಿಪ್ಪಿನ ಬಾಡಿಗೆ ತೆಗೆದುಕೊಳ್ಳಲಿಲ್ಲ.

ನಂತರದ ದಿನಗಳಲ್ಲಿ ನಾವು ಒಂದು ವಿಚಿತ್ರ ಗಮನಿಸಿದೆವು. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದಾಗ ಗಾಡಿ ಚೆನ್ನಾಗಿ ಓಡುತ್ತಿತ್ತು. ಬಂಕಿಗೆ ಹೋಗಿ ಪೂರ್ತಿ ತುಂಬಿಸಿದ ದಿನವೇ ನಿಲ್ಲುತ್ತಿತ್ತು. ಇದರಿಂದ ಯಾರಿಗಾದರೂ ಏನನ್ನಿಸುತ್ತದೆ? ಬಂಕಿನ ಡೀಸೆಲ್ ಸರಿಯಿಲ್ಲ ಎಂದೇ. ಅಬ್ಬಾ ಬಂಕಿಗೆ ಹೋಗಿ, ನಾಲ್ಕು ಜನರ ಮುಂದೆ, ಡೀಸೆಲ್ ಹಾಕುವ ಹುಡುಗನಿಗೆ ನೀರು ಬೆರೆಸಿದ್ದೀರಿ ಎಂದು ಬೈದರು. ಅವನು ಜಾಡಿಯಲ್ಲಿ ಡೀಸೆಲ್ ತೆಗೆದು ಸಾಂದ್ರತೆ ಅಳೆದು ತೋರಿಸಿದ. ಅದು ಅವರ ರಿಜಿಸ್ಟರಿನ ಅಂಕಿಗೆ ಹೊಂದಿಕೊಂಡಿತ್ತು. ಆದರೂ ನಾವು ನಂಬಲಿಲ್ಲ. ನಾವು ಎಂದು ಬರೆದಿದ್ದೇನೆ, ಏಕೆಂದರೆ ನಾನೂ ಪಕ್ಕದಲ್ಲಿ ನಿಂತಿದ್ದೆ.

ಬಂಕ್ ಬದಲಾಯಿಸಿದೆವು. ಗಾಡಿ ಮತ್ತೆ ನಿಂತಿತು. ಡೀಸೆಲ್ ಫಿಲ್ಟರ್ ಬದಲಾಯಿಸಿದೆವು, ನಿಂತಿತು. ಒಂದು ಗ್ಯಾರೇಜಿನಲ್ಲಿ ಫೀಡ್ ಪಂಪ್ ಹೋಗಿದೆ ಎಂದರು. ಹೊಸ ಪಂಪ್ ಹಾಕಿಸಿದೆವು. ಟ್ಯಾಂಕ್ ತುಂಬಿಸಿ ಹೊರಟ ಮೊದಲ ದಿನವೇ ಮತ್ತೆ ನಿಂತಿತು.

ಕೊನೆಗೆ ದಾರಿಯಲ್ಲಿ ನೆರವಿಗೆ ಬಂದ ಒಬ್ಬ ಹಿರಿಯ ಮೆಕ್ಯಾನಿಕ್ ಯಾವ ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳಲಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಕಿವಿ ಕೊಟ್ಟು ನಿಧಾನವಾಗಿ ತಿರುಗಿಸಿದರು. ಸೀಟಿ ಊದಿದಂತೆ ಸದ್ದು ಮಾಡುತ್ತ ಗಾಳಿ ಒಳಗೆ ನುಗ್ಗಿತು. ಅವರು ನಗುತ್ತ ಉರ್ದುವಿನಲ್ಲಿ, "ಟಾಂಕಿ ಕಾ ದಮ್ ಘುಟ್ ರಹಾ ಹೈ" ಎಂದರು. ಅಂದರೆ ಟ್ಯಾಂಕಿಗೆ ಉಸಿರು ಕಟ್ಟುತ್ತಿದೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಟ್ಯಾಂಕ್ ಉಸಿರಾಡುವುದು ಹೇಗೆ?

ಲೆಕ್ಕಶಾಸ್ತ್ರದಲ್ಲಿ ನಾವು ಡಬಲ್ ಎಂಟ್ರಿ ಕಲಿಯುತ್ತೇವೆ. ಒಂದು ಕಡೆ ಡೆಬಿಟ್ ಬರೆದರೆ ಇನ್ನೊಂದು ಕಡೆ ಅಷ್ಟೇ ಮೊತ್ತದ ಕ್ರೆಡಿಟ್ ಇರಲೇಬೇಕು. ಡೀಸೆಲ್ ಟ್ಯಾಂಕಿನ ನಿಯಮವೂ ಹೀಗೆಯೇ. ಒಂದು ಲೀಟರ್ ಡೀಸೆಲ್ ಹೊರಗೆ ಹೋದರೆ ಒಂದು ಲೀಟರ್ ಗಾಳಿ ಒಳಗೆ ಬರಬೇಕು. ಪಂಪ್ ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಎಳೆದು, ಉಳಿದದ್ದನ್ನು ರಿಟರ್ನ್ ಪೈಪಿನಿಂದ ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಆದ್ದರಿಂದ ನಿಜವಾಗಿ ಉರಿದು ಹೋದಷ್ಟಕ್ಕೆ ಮಾತ್ರ ಗಾಳಿ ಬೇಕು.

ಕೆಲವೊಮ್ಮೆ ಗಾಳಿ ಹೊರಗೂ ಹೋಗಬೇಕಾಗುತ್ತದೆ. ಎಂಜಿನ್ನಿಂದ ಹಿಂದಿರುಗುವ ಡೀಸೆಲ್ ಬಿಸಿಯಾಗಿರುತ್ತದೆ, ಬಿಸಿಲೂ ಸೇರುತ್ತದೆ. ಆಗ ಒಳಗಿನ ಗಾಳಿ ಹಿಗ್ಗುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಸಾಮಾನ್ಯವಾಗಿ ಪಿಕಪ್ಪಿನಲ್ಲಿ ಇದಕ್ಕೆ ಎರಡು ದಾರಿಗಳಿರುತ್ತವೆ. ಮೊದಲನೆಯದು, ಡೀಸೆಲ್ ತುಂಬುವ ದಪ್ಪ ಕೊಳವೆಯ ಪಕ್ಕದಲ್ಲೇ ಇರುವ ಸಣ್ಣ ಪೈಪ್. ಡೀಸೆಲ್ ತುಂಬುವಾಗ ಒಳಗಿನ ಗಾಳಿ ಇದರ ಮೂಲಕ ಮೇಲೆ ಬರುತ್ತದೆ. ಎರಡನೆಯದು, ಟ್ಯಾಂಕಿನ ಮೇಲ್ಭಾಗದಿಂದ ಹೊರಟು ಚಾಸಿಯ ಬಳಿ ತೆರೆದ ಗಾಳಿಗೆ ಬಾಯಿ ಬಿಡುವ ವೆಂಟ್ ಪೈಪ್. ಗ್ಯಾರೇಜಿನಲ್ಲಿ ಇದನ್ನು ಬ್ರೀದರ್ ಪೈಪ್ ಎನ್ನುತ್ತಾರೆ. ಗಾಡಿ ಮಗುಚಿದರೆ ಡೀಸೆಲ್ ಚೆಲ್ಲದಂತೆ ತಡೆಯಲು ಹಲವು ಗಾಡಿಗಳಲ್ಲಿ ಇದಕ್ಕೆ ಒಂದು ವಾಲ್ವ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಮುಚ್ಚಳದಲ್ಲೇ ಗಾಳಿಯ ರಂಧ್ರವಿರುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ವ್ಯವಸ್ಥೆ ಇದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಟ್ಯಾಂಕ್ ತುಂಬಿದ ದಿನವೇ ಏಕೆ ನಿಲ್ಲುತ್ತಿತ್ತು?

ಇದಕ್ಕೆ ಉತ್ತರ ಬಾಯ್ಲನ ನಿಯಮದಲ್ಲಿದೆ. ಉಷ್ಣತೆ ಬದಲಾಗದಿದ್ದರೆ, ಗಾಳಿ ತುಂಬುವ ಜಾಗ ಹೆಚ್ಚಾದಂತೆ ಅದರ ಒತ್ತಡ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಒಂದು ಸರಳ ಲೆಕ್ಕ ಮಾಡೋಣ. ವೆಂಟ್ ಪೂರ್ತಿ ಮುಚ್ಚಿದೆ, ಟ್ಯಾಂಕ್ ಬಾಗುವುದಿಲ್ಲ ಎಂದು ಇಟ್ಟುಕೊಳ್ಳಿ. ಲೋಡ್ ಗಾಡಿ ಲೀಟರಿಗೆ 12 ಕಿ.ಮೀ. ಓಡಿದರೆ, 12 ಕಿ.ಮೀ. ದಾರಿಗೆ ಒಂದು ಲೀಟರ್ ಡೀಸೆಲ್ ಖಾಲಿ.

ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದು, ಮೇಲೆ 30 ಲೀಟರ್ ಗಾಳಿ ಇದ್ದರೆ, ಆ ಗಾಳಿ 31 ಲೀಟರ್ ಜಾಗಕ್ಕೆ ಹರಡಿಕೊಳ್ಳುತ್ತದೆ. ಒತ್ತಡ ಸುಮಾರು ಶೇ. 3ರಷ್ಟು ಮಾತ್ರ ಇಳಿಯುತ್ತದೆ. ಪಂಪ್ ಹೇಗೋ ಸಹಿಸಿಕೊಳ್ಳುತ್ತದೆ.

ಟ್ಯಾಂಕ್ ಪೂರ್ತಿ ತುಂಬಿ, ಮೇಲೆ 5 ಲೀಟರ್ ಗಾಳಿ ಮಾತ್ರ ಇದ್ದರೆ, ಅದು 6 ಲೀಟರ್ ಜಾಗಕ್ಕೆ ಹರಡಬೇಕು. ಒತ್ತಡ ಸುಮಾರು ಶೇ. 17ರಷ್ಟು ಇಳಿಯುತ್ತದೆ. ಇದು ಪಂಪ್ ಡೀಸೆಲನ್ನು ಇನ್ನೂ ಎರಡು ಮೀಟರ್ ಹೆಚ್ಚು ಎತ್ತರಕ್ಕೆ ಎಳೆದಂತೆ. ಹೊಸ ಪಂಪ್ ಹಾಕಿದರೂ ಇದೇ ಕಥೆ.

ಟ್ಯಾಂಕಿನ ಮೇಲೂ ಭಾರ ಬೀಳುತ್ತದೆ. ಹೊರಗಿನ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಅದರ ಶೇ. 17 ಅಂದರೆ 170 ಗ್ರಾಂ. ಟ್ಯಾಂಕಿನ ಮೇಲ್ಭಾಗ 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ ಇದ್ದರೆ ಒಟ್ಟು 3,600 ಚದರ ಸೆಂ.ಮೀ. ಗುಣಿಸಿದರೆ ಸುಮಾರು 610 ಕೆ.ಜಿ. ಅಂದರೆ 15 ಕೆ.ಜಿ.ಯ 40 ಟೊಮೆಟೊ ಬಾಕ್ಸ್‌ಗಳನ್ನು ಟ್ಯಾಂಕಿನ ನೆತ್ತಿಯ ಮೇಲೆ ಪೇರಿಸಿದಂತೆ. ಹೀಗಾಗಿಯೇ ವೆಂಟ್ ಮುಚ್ಚಿದ ಟ್ಯಾಂಕ್‌ಗಳು ಒಳಗೆ ಕುಸಿಯುತ್ತವೆ, ಪ್ಲಾಸ್ಟಿಕ್ ಟ್ಯಾಂಕ್‌ಗಳು ಬಿರುಕು ಬಿಡುತ್ತವೆ.

ಗಾಡಿ ನಿಂತ ಮೇಲೆ ಮುಚ್ಚಿದ ಪೈಪಿನ ಸಂದಿಯಿಂದ ಗಾಳಿ ಮೆಲ್ಲನೆ ಒಳಗೆ ಸೇರುತ್ತದೆ. ಇಪ್ಪತ್ತು ನಿಮಿಷದ ನಂತರ ನಮ್ಮ ಗಾಡಿ ಮತ್ತೆ ಸ್ಟಾರ್ಟ್ ಆಗುತ್ತಿದ್ದುದು ಇದರಿಂದಲೇ. ಡೀಸೆಲ್ ತುಂಬಿಸಿದ್ದು ನಿಜ, ಗಾಡಿ ನಿಂತಿದ್ದೂ ನಿಜ. ಆದರೆ ತಪ್ಪು ಡೀಸೆಲಿನದ್ದಾಗಿರಲಿಲ್ಲ.

ಪೈಪ್ ಏಕೆ ಹಾಳಾಗುತ್ತದೆ?

ಪೈಪ್ ಮುಚ್ಚಿಕೊಳ್ಳಲು ಮುಖ್ಯ ಕಾರಣಗಳು ಧೂಳು, ಕೆಸರು ಮತ್ತು ಹುಳುಗಳು. ಹೊಲದ ದಾರಿಯಲ್ಲಿ ಓಡುವ ಗಾಡಿಯ ಪೈಪಿನ ಬಾಯಿಗೆ ಕೆಸರು ಸಿಡಿದು ಒಣಗುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂತಹ ಸಣ್ಣ ರಂಧ್ರವೆಂದರೆ ಬಹಳ ಇಷ್ಟ. ನಮ್ಮ ಪೈಪಿನಿಂದ ಹೊರಬಂದದ್ದು ಹೆಬ್ಬೆರಳಿನಷ್ಟು ಗಟ್ಟಿ ಮಣ್ಣು, ಅದರೊಳಗೆ ಹುಳುವಿನ ಒಣಗಿದ ಕೋಶ.

ಇದನ್ನು ಕೇಳಿ ನಗಬೇಡಿ. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ ಸುಮಾರು 52,000 ಕಾರುಗಳನ್ನು ಪರೀಕ್ಷೆಗೆ ವಾಪಸ್ ಕರೆಯಿತು. ಕಾರಣ ಜೇಡ. ಒಂದು ಜಾತಿಯ ಹಳದಿ ಜೇಡ ಟ್ಯಾಂಕಿನ ವೆಂಟ್ ಪೈಪಿನೊಳಗೆ ಬಲೆ ನೇಯುತ್ತಿತ್ತು. ಅದರಿಂದ ಟ್ಯಾಂಕಿನಲ್ಲಿ ಒತ್ತಡ ಇಳಿದು ಬಿರುಕು ಬಿಡುವ ಅಪಾಯವಿತ್ತು. 2014ರಲ್ಲಿ ಇದೇ ಕಾರಣಕ್ಕೆ ಸುಮಾರು 42,000 ಕಾರುಗಳನ್ನು ಮತ್ತೆ ಕರೆಯಬೇಕಾಯಿತು. ಅವು ಪೆಟ್ರೋಲ್ ಕಾರುಗಳು. ಆದರೆ ಗಾಳಿಯ ನಿಯಮ ಎರಡಕ್ಕೂ ಒಂದೇ.

ಇನ್ನೊಂದು ಬಗೆಯ ತೊಂದರೆ ಪೈಪ್ ಸೀಳುವುದು. ಬಿಸಿಲು, ಬಿಸಿ ಮತ್ತು ಗಾಳಿಯಲ್ಲಿನ ಓಜೋನ್‌ನಿಂದ ರಬ್ಬರ್ ವರ್ಷಗಳ ಮೇಲೆ ಗಟ್ಟಿಯಾಗಿ ಗೆರೆ ಗೆರೆಯಾಗಿ ಬಿರುಕು ಬಿಡುತ್ತದೆ. ಸೀಳಿದ ಪೈಪಿನಿಂದ ಗಾಡಿ ನಿಲ್ಲುವುದಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ಆದರೆ ಅದರಿಂದ ಧೂಳು ಮತ್ತು ನೀರು ಟ್ಯಾಂಕಿಗೆ ಇಳಿಯುತ್ತವೆ. ಬಿಸಿಯಾದ ಟ್ಯಾಂಕ್ ಮಳೆನೀರಿನ ಹೊಂಡದಲ್ಲಿ ತಟ್ಟನೆ ತಣ್ಣಗಾದರೆ, ಒಳಗಿನ ಗಾಳಿ ಕುಗ್ಗಿ ನೀರನ್ನೇ ಹೀರಿಕೊಳ್ಳಬಹುದು. ಈಗಿನ ಕಾಮನ್ ರೈಲ್ ಎಂಜಿನ್ನುಗಳ ಇಂಜೆಕ್ಟರ್‌ಗಳಿಗೆ ನೀರು ಮತ್ತು ಧೂಳು ದೊಡ್ಡ ಶತ್ರುಗಳು. ಟ್ಯಾಂಕ್ ತುಂಬಿರುವಾಗ ತಿರುವಿನಲ್ಲಿ ಡೀಸೆಲ್ ಹೊರಗೂ ಚೆಲ್ಲುತ್ತದೆ. ರಸ್ತೆಗೆ ಬಿದ್ದ ಡೀಸೆಲ್ ಬೇಗ ಆರುವುದಿಲ್ಲ. ಹಿಂದೆ ಬರುವ ಬೈಕ್ ಜಾರಲು ಅಷ್ಟು ಸಾಕು.

ಲಕ್ಷಣಗಳು

1. ಹೊರಟಾಗ ಸರಿಯಿದ್ದು, ಸ್ವಲ್ಪ ದೂರ ಓಡಿದ ಮೇಲೆ ಎಳೆತ ಕಡಿಮೆಯಾಗುವುದು. ನಿಲ್ಲಿಸಿ ಬಿಟ್ಟರೆ ಮತ್ತೆ ಸರಿಯಾಗುವುದು: ವೆಂಟ್ ಮುಚ್ಚಿರಬಹುದು.
2. ಮುಚ್ಚಳ ತೆರೆದಾಗ ಜೋರಾಗಿ ಗಾಳಿ ಒಳಗೆ ನುಗ್ಗುವುದು: ವೆಂಟ್ ಗಾಳಿಯನ್ನು ಒಳಗೆ ಬಿಡುತ್ತಿಲ್ಲ.
3. ಬಿಸಿಲಲ್ಲಿ ನಿಂತ ಗಾಡಿಯ ಮುಚ್ಚಳ ತೆರೆದಾಗ ಗಾಳಿ ಜೋರಾಗಿ ಹೊರಬರುವುದು: ವೆಂಟ್ ಗಾಳಿಯನ್ನು ಹೊರಗೆ ಬಿಡುತ್ತಿಲ್ಲ.
4. ಬಂಕಿನಲ್ಲಿ ಟ್ಯಾಂಕ್ ತುಂಬುವ ಮೊದಲೇ ನಾಝಲ್ ಮತ್ತೆ ಮತ್ತೆ ನಿಲ್ಲುವುದು, ಡೀಸೆಲ್ ನೊರೆಯಾಗಿ ಮೇಲೆ ಉಕ್ಕುವುದು: ತುಂಬುವ ಕೊಳವೆಯ ಪಕ್ಕದ ಪೈಪ್ ಮುಚ್ಚಿದೆ ಅಥವಾ ಮಡಚಿದೆ.
5. ಟ್ಯಾಂಕಿನ ಮೇಲ್ಭಾಗ ಒದ್ದೆಯಾಗಿ ಧೂಳು ಅಂಟಿರುವುದು, ಡೀಸೆಲ್ ವಾಸನೆ: ಪೈಪ್ ಸೀಳಿದೆ ಅಥವಾ ಕ್ಲಾಂಪ್ ಸಡಿಲವಾಗಿದೆ.

ಮುಚ್ಚಳ ತೆರೆದಾಗ ಸಣ್ಣ ಸದ್ದು ಬಂದರೆ ಗಾಬರಿ ಬೇಡ. ಕೆಲವು ಗಾಡಿಗಳಲ್ಲಿ ಅದು ಸಹಜ. ಜೋರು ಸದ್ದು ಬಂದು, ಮುಚ್ಚಳ ತೆರೆದ ತಕ್ಷಣ ಎಂಜಿನ್ ಸರಿಹೋದರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ.

ಪರೀಕ್ಷಿಸುವ ಕ್ರಮ

ಮೊದಲು ಸುರಕ್ಷತೆ. ಡೀಸೆಲಿಗೆ ಬೆಂಕಿ ಹತ್ತುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ನಮ್ಮ ದೇಶದ ಮಾನದಂಡದಲ್ಲಿ ವಾಹನಗಳ ಡೀಸೆಲಿನ ಫ್ಲ್ಯಾಷ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್. ಆ ಉಷ್ಣತೆ ದಾಟಿದರೆ ಅದರ ಆವಿಗೆ ಕಿಡಿಯಿಂದ ಬೆಂಕಿ ಹತ್ತಬಹುದು. ಬೇಸಿಗೆಯಲ್ಲಿ ಓಡಿ ಬಂದ ಗಾಡಿಯ ಟ್ಯಾಂಕ್ ಇಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಬೀಡಿ, ಸಿಗರೇಟು, ವೆಲ್ಡಿಂಗ್ ಹತ್ತಿರ ಇರಬಾರದು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ತಣ್ಣಗಾಗಲು ಬಿಡಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ನುಗ್ಗಬೇಡಿ. ಮನೆಯ ದೊಡ್ಡವರು ಜೊತೆಗಿರಲಿ.

1. ಮುಚ್ಚಳವನ್ನು ನಿಧಾನವಾಗಿ ತೆರೆದು ಸದ್ದು ಕೇಳಿ. ಮುಚ್ಚಳದಲ್ಲೇ ರಂಧ್ರವಿದ್ದರೆ ಅದು ಸ್ವಚ್ಛವಾಗಿದೆಯೇ ನೋಡಿ.
2. ಟ್ಯಾಂಕಿನ ಮೇಲಿನಿಂದ ವೆಂಟ್ ಪೈಪಿನ ದಾರಿಯನ್ನು ಕೊನೆಯವರೆಗೆ ಕಣ್ಣಿನಲ್ಲಿ ಹಿಂಬಾಲಿಸಿ. ಎಲ್ಲಿಯಾದರೂ ಮಡಚಿದೆಯೇ, ಬಾಡಿ ಮತ್ತು ಚಾಸಿಯ ನಡುವೆ ಸಿಕ್ಕಿ ಚಪ್ಪಟೆಯಾಗಿದೆಯೇ, ಸೈಲೆನ್ಸರಿಗೆ ತಾಗುತ್ತಿದೆಯೇ ನೋಡಿ.
3. ಪೈಪನ್ನು ಬೆರಳಿನಿಂದ ಮೆಲ್ಲನೆ ಬಾಗಿಸಿ. ಒಳ್ಳೆಯ ರಬ್ಬರ್ ಮೆತ್ತಗೆ ಬಾಗುತ್ತದೆ. ಬಾಗಿದ ಜಾಗದಲ್ಲಿ ಬಿರುಕು ಕಂಡರೆ, ಅಥವಾ ಪೈಪ್ ಉಬ್ಬಿ ಅಂಟಂಟಾಗಿದ್ದರೆ, ಬದಲಾಯಿಸಬೇಕು. ಕ್ಲಾಂಪ್ ಇರುವ ತುದಿಗಳನ್ನು ವಿಶೇಷವಾಗಿ ನೋಡಿ.
4. ಪೈಪಿನ ತೆರೆದ ಬಾಯಿಯಲ್ಲಿ ಮಣ್ಣು, ಬಲೆ, ಗೂಡು ಇದೆಯೇ ನೋಡಿ. ಕಡ್ಡಿಯಿಂದ ಒಳಗೆ ತಳ್ಳಬೇಡಿ. ತಳ್ಳಿದ ಕಸ ಟ್ಯಾಂಕಿಗೇ ಹೋಗುತ್ತದೆ.
5. ಮುಚ್ಚಿದೆ ಎಂದು ಅನುಮಾನ ಬಂದರೆ ಪೈಪನ್ನು ಟ್ಯಾಂಕಿನಿಂದ ಬಿಡಿಸಿ, ಟ್ಯಾಂಕಿನ ಬಾಯಿಗೆ ಶುಭ್ರ ಬಟ್ಟೆ ಮುಚ್ಚಿ, ನಂತರ ಪೈಪನ್ನು ಊದಿ ಸ್ವಚ್ಛ ಮಾಡಿ. ಪೈಪ್ ಟ್ಯಾಂಕಿಗೆ ಜೋಡಿಸಿರುವಾಗ ಕಂಪ್ರೆಸರ್ ಗಾಳಿ ಎಂದೂ ಹೊಡೆಯಬೇಡಿ. ಟ್ಯಾಂಕ್ ಒಡೆಯಬಹುದು. ಬಾಯಿಯಿಂದ ಊದುವುದೂ ಬೇಡ. ಡೀಸೆಲ್ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಅಪಾಯ.
6. ವಾಲ್ವ್ ಇರುವ ಗಾಡಿಯಾದರೆ ಅದನ್ನು ಬಲ್ಲವರಿಂದಲೇ ಪರೀಕ್ಷಿಸಿ. ವಾಲ್ವ್ ತೆಗೆದು ಎಸೆದು ನೇರ ಪೈಪ್ ಹಾಕಿಸಬೇಡಿ.

ಹೊಸ ಪೈಪ್ ಹಾಕುವಾಗ

ಡೀಸೆಲಿಗೆಂದೇ ತಯಾರಿಸಿದ, ಹಳೆಯದರಷ್ಟೇ ಒಳಗಿನ ಅಗಲವಿರುವ ಫ್ಯೂಯೆಲ್ ಹೋಸ್ ಕೇಳಿ. ಇವು ಹೆಚ್ಚಾಗಿ ನೈಟ್ರೈಲ್ ರಬ್ಬರಿನಿಂದ ಮಾಡಿದವು. ನೀರಿನ ಪೈಪ್ ಅಥವಾ ರೇಡಿಯೇಟರ್ ಪೈಪಿನ ತುಂಡು ಡೀಸೆಲ್ ತಾಗಿ ಉಬ್ಬಿಕೊಂಡು ಒಳಗಿನ ದಾರಿಯನ್ನು ತಾನೇ ಮುಚ್ಚುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕೆಲ ಕಾಲದಲ್ಲೇ ಕಡ್ಡಿಯಂತೆ ಗಟ್ಟಿಯಾಗುತ್ತದೆ. ಹೊಸ ಪೈಪ್ ಹಳೆಯ ದಾರಿಯಲ್ಲೇ ಸಾಗಲಿ. ಬಾಯಿ ಟ್ಯಾಂಕಿಗಿಂತ ಎತ್ತರದಲ್ಲಿ, ಕೆಳಮುಖವಾಗಿ, ಚಕ್ರದ ಕೆಸರು ಸಿಡಿಯದ ಜಾಗದಲ್ಲಿರಲಿ. ಕ್ಲಾಂಪನ್ನು ರಬ್ಬರ್ ಕತ್ತರಿಸುವಷ್ಟು ಬಿಗಿಯಬೇಡಿ.

ಕೆಲವರು ಮುಚ್ಚಳವನ್ನೇ ಸಡಿಲವಾಗಿ ಬಿಟ್ಟು ಓಡಿಸುತ್ತಾರೆ. ಅದು ಗ್ಯಾರೇಜ್ ತಲುಪುವವರೆಗಿನ ಉಪಾಯ ಮಾತ್ರ. ನೀರು, ಧೂಳು ಒಳಗೆ, ಡೀಸೆಲ್ ರಸ್ತೆಗೆ. ರೋಗಕ್ಕಿಂತ ಮದ್ದೇ ಕೆಟ್ಟದ್ದಾಗುತ್ತದೆ.

ನಮ್ಮ ಪುಸ್ತಕದ ಲೆಕ್ಕ

ತಪ್ಪು ದಾರಿಯಲ್ಲಿ ಹೋದದ್ದು: ಡೀಸೆಲ್ ಫಿಲ್ಟರ್ 850, ಫೀಡ್ ಪಂಪ್ ಮತ್ತು ಕೂಲಿ 6,400, ಗಾಡಿ ಎಳೆಸಿದ ಖರ್ಚು 1,500, ಕಳೆದುಕೊಂಡ ಬಾಡಿಗೆ 3,600. ಒಟ್ಟು 12,350 ರೂಪಾಯಿ.

ಸರಿ ದಾರಿಯಲ್ಲಿ ಹೋದದ್ದು: ಪೈಪ್ 180, ಎರಡು ಕ್ಲಾಂಪ್ 60, ಕೂಲಿ 200. ಒಟ್ಟು 440 ರೂಪಾಯಿ.

ಇದರಿಂದ ನಾನು ಕಲಿತ ನಿಯಮ ಒಂದೇ. ದೋಷ ಹುಡುಕುವಾಗ ಖರ್ಚಿಲ್ಲದ, ಏನನ್ನೂ ಬಿಚ್ಚಬೇಕಿಲ್ಲದ ಪರೀಕ್ಷೆಯಿಂದ ಶುರುಮಾಡಬೇಕು. ಮುಚ್ಚಳ ತಿರುಗಿಸಲು ಒಂದು ರೂಪಾಯಿಯೂ ಬೇಕಿರಲಿಲ್ಲ. ನಾವು ಅದನ್ನು ಕೊನೆಗೆ ಮಾಡಿದೆವು. ಈಗ ಪ್ರತಿ ಆಯಿಲ್ ಬದಲಾವಣೆಯ ದಿನ ಮತ್ತು ಮಳೆಗಾಲಕ್ಕೆ ಮುಂಚೆ ಒಮ್ಮೆ ವೆಂಟ್ ಪೈಪ್ ನೋಡಿ, ಪುಸ್ತಕದಲ್ಲಿ ತಾರೀಕು ಹಾಕಿ ಬರೆಯುತ್ತೇನೆ. ಹತ್ತು ನಿಮಿಷದ ಕೆಲಸ.

ಆ ಪುಸ್ತಕದಲ್ಲಿ ಬರೆಯಲಾಗದ ಒಂದು ಬಾಕಿ ಇತ್ತು. ಬಂಕಿನ ಹುಡುಗ ನಾಲ್ಕು ಜನರ ಮುಂದೆ ಕಳ್ಳನ ಹಾಗೆ ನಿಲ್ಲಬೇಕಾಗಿತ್ತು. ಪೈಪ್ ಹಾಕಿಸಿದ ಮರುದಿನ ಅಬ್ಬಾ ಮತ್ತು ನಾನು ಆ ಬಂಕಿಗೆ ಹೋದೆವು. ಮಣ್ಣಿನ ಆ ಗಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದೆವು. ಅದನ್ನು ಅವನಿಗೆ ತೋರಿಸಿ ಅಬ್ಬಾ ಕ್ಷಮೆ ಕೇಳಿದರು, ಬೈದಷ್ಟೇ ಗಟ್ಟಿಯಾದ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಅವನು ಆ ಮಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟಕ್ಕೇನಾ ಸಾಹೇಬ್ರೇ?" ಎಂದ. ಟ್ಯಾಂಕ್ ಪೂರ್ತಿ ತುಂಬಿಸಿಕೊಂಡು ಬಂದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ.

ನಿಮ್ಮ ಮನೆಯಲ್ಲಿ ಗಾಡಿ ಇದ್ದರೆ ಈ ಭಾನುವಾರ ದೊಡ್ಡವರೊಂದಿಗೆ ಸೇರಿ ಒಮ್ಮೆ ನೋಡಿ. ನೋಡಿದ ಮೇಲೆ ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

1. ನಮ್ಮ ಗಾಡಿಯ ಟ್ಯಾಂಕಿಗೆ ಗಾಳಿ ಬರುವುದು ಮುಚ್ಚಳದಿಂದಲೋ, ಪೈಪಿನಿಂದಲೋ?
2. ಆ ಪೈಪಿನ ಬಾಯಿ ಎಲ್ಲಿದೆ, ಅದು ತೆರೆದಿದೆಯೇ?
3. ಪೈಪನ್ನು ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ?

ಮೂರನೆಯ ಪ್ರಶ್ನೆಗೆ ನಮ್ಮ ಮನೆಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.